ಬೆಳಕು, ಚಿನ್ನದ ಕಣ ಮತ್ತು ಶಾಖ

(ಪುಣೆ ಕ್ಯಾಂಪಿನ ಕನ್ನಡ ಶ್ರೋತೃಗಳನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



1817ರ ಖಡಕಿ ಯುದ್ಧದ ಬಳಿಕ ಸೇನಾನೆಲೆಯಾಗಿ ರೂಪುಗೊಂಡ ಪುಣೆ ಕ್ಯಾಂಪ್ ಪ್ರದೇಶದಲ್ಲಿ ಇಂದು ಎರಡು ಬಗೆಯ ಕಟ್ಟಡಗಳು ಅಕ್ಕಪಕ್ಕದಲ್ಲಿಯೇ ನಿಂತಿವೆ. ದಪ್ಪನೆಯ ಕಲ್ಲಿನ ಗೋಡೆ, ಎತ್ತರದ ಛಾವಣಿ, ಅಗಲವಾದ ಜಗಲಿಗಳುಳ್ಳ ಹಳೆಯ ಕಟ್ಟಡಗಳು ಒಂದು ಬಗೆ. ಬೀದಿಯ ಕಡೆಗೆ ಉದ್ದಕ್ಕೂ ಗಾಜನ್ನೇ ಹೊದ್ದ ಹೊಸ ಮಳಿಗೆಗಳು ಮತ್ತೊಂದು ಬಗೆ. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನದಲ್ಲಿ ಮೊದಲನೆಯವುಗಳ ಒಳಗೆ ತಂಪಿರುತ್ತದೆ, ಆದರೆ ಬೆಳಕು ಸಾಲದು. ಎರಡನೆಯವುಗಳ ಒಳಗೆ ಬೆಳಕು ಧಾರಾಳವಾಗಿರುತ್ತದೆ, ಆದರೆ ಹವಾನಿಯಂತ್ರಣ ಯಂತ್ರ ನಿಂತ ಕೆಲವೇ ನಿಮಿಷಗಳಲ್ಲಿ ಸೆಕೆ ತಡೆಯಲಾಗದು. ಬೆಳಕು ಬೇಕು, ಬೆಳಕಿನೊಡನೆ ಬರುವ ಶಾಖ ಬೇಡ ಎಂಬ ಈ ಬಯಕೆ ಉಷ್ಣ ದೇಶಗಳ ಎಲ್ಲ ನಗರಗಳದೂ ಹೌದು.

ಆದರೆ ಶಾಖವು ಎಲ್ಲೆಡೆಯಲ್ಲೂ ಬೇಡವಾದ ವಸ್ತುವಲ್ಲ. ಶರೀರದೊಳಗಿನ ಗಂತಿಯೊಂದನ್ನು ಸುಡಬೇಕಾದಾಗ ಅದೇ ಶಾಖ ಔಷಧವಾಗುತ್ತದೆ. ನೀರಿನಲ್ಲಿ ತೇಲುವ ಅಣುವೊಂದನ್ನು ಹಿಡಿದು ನಿಲ್ಲಿಸಬೇಕಾದಾಗ ಅದೇ ಶಾಖ ಕೈಯಾಗುತ್ತದೆ. ಬೆಳಕನ್ನು ಎಲ್ಲಿ ಹೀರಿಸಬೇಕು, ಅದರಿಂದ ಹುಟ್ಟುವ ಶಾಖವನ್ನು ಎಲ್ಲಿ ಇಳಿಸಬೇಕು ಎಂಬುದನ್ನು ಮನುಷ್ಯನು ತನ್ನ ಇಚ್ಛೆಯಂತೆ ನಿರ್ಧರಿಸಲು ಸಾಧ್ಯವೆ? ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಲೋಹದ ರಚನೆಗಳು ಈ ಪ್ರಶ್ನೆಗೆ ಬಹುಮಟ್ಟಿಗೆ ಸಾಧ್ಯ ಎಂಬ ಉತ್ತರ ಕೊಟ್ಟಿವೆ. ಆ ಉತ್ತರದಲ್ಲಿ ಪುಣೆ ನಗರದ ಪಾಲೂ ಗಣನೀಯವಾಗಿದೆ.

ಬೆಳಕಿಗೆ ಒದಗುವ ಗತಿ

ಯಾವುದೇ ವಸ್ತುವಿನ ಮೇಲೆ ಬಿದ್ದ ಬೆಳಕಿಗೆ ಕೆಲವೇ ದಾರಿಗಳಿವೆ. ಅದು ವಸ್ತುವನ್ನು ಹಾಯ್ದು ಹೋಗಬಹುದು; ಕನ್ನಡಿಯಿಂದ ಮರಳುವಂತೆ ಪ್ರತಿಫಲಿಸಬಹುದು; ಮಂಜಿನಲ್ಲಿ ಆಗುವಂತೆ ದಿಕ್ಕುದಿಕ್ಕಿಗೆ ಚದುರಬಹುದು; ಇಲ್ಲವೆ ವಸ್ತುವಿನಲ್ಲಿಯೇ ಹೀರಲ್ಪಡಬಹುದು. ಹೀರಲ್ಪಟ್ಟ ಬೆಳಕಿನ ಶಕ್ತಿ ನಾಶವಾಗುವುದಿಲ್ಲ. ಅದರಲ್ಲಿ ಅಲ್ಪ ಭಾಗ ಮತ್ತೆ ಬೆಳಕಾಗಿ ಹೊರಬರಬಹುದು, ಸೌರಕೋಶದಲ್ಲಿ ಆಗುವಂತೆ ವಿದ್ಯುತ್ತಾಗಬಹುದು, ಎಲೆಯಲ್ಲಿ ಆಗುವಂತೆ ರಾಸಾಯನಿಕ ಶಕ್ತಿಯಾಗಬಹುದು. ಉಳಿದುದೆಲ್ಲವೂ ಶಾಖವಾಗುತ್ತದೆ. ಕಪ್ಪು ಕೊಡೆ ಬಿಸಿಲಿನಲ್ಲಿ ಕಾಯುವುದಕ್ಕೂ ಡಾಂಬರು ರಸ್ತೆ ಅಂಗಾಲನ್ನು ಸುಡುವುದಕ್ಕೂ ಇದೇ ಕಾರಣ.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ನೆಲಕ್ಕೆ ತಲಪುವ ಸೂರ್ಯಪ್ರಕಾಶದ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿದೆ. ಓದಲು, ಬರೆಯಲು, ಅಂಗಡಿಯ ಸರಕನ್ನು ನೋಡಲು ಈ ಭಾಗದಿಂದ ಯಾವ ಪ್ರಯೋಜನವೂ ಇಲ್ಲ. ಕಿಟಕಿಯ ಗಾಜು ಕಾಣುವ ಬೆಳಕನ್ನು ಒಳಕ್ಕೆ ಬಿಟ್ಟು ಅವಕೆಂಪನ್ನು ಮಾತ್ರ ತಡೆಯುವಂತಿದ್ದರೆ ಬೆಳಕು ಕಡಿಮೆಯಾಗದೆ ಶಾಖದ ಹೊರೆ ಇಳಿಯುತ್ತದೆ. ಆದ್ದರಿಂದ ಬೆಳಕನ್ನು ಬಣ್ಣಕ್ಕೆ ತಕ್ಕಂತೆ ಆಯ್ದು ಹೀರುವ ವಸ್ತುವಿನ ಹುಡುಕಾಟ ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ವಿದ್ಯುತ್ ಬಿಲ್ಲಿನ ವಿಷಯವೂ ಹೌದು.

ಕೆಂಪು ಚಿನ್ನ

ಮಹಾತ್ಮಾ ಗಾಂಧಿ ರಸ್ತೆಯ ಒಡವೆ ಅಂಗಡಿಗಳಲ್ಲಿ ಕಾಣುವ ಚಿನ್ನ ಹಳದಿ. ಅದೇ ಚಿನ್ನವನ್ನು ಕೆಲವು ಹತ್ತು ನ್ಯಾನೋಮೀಟರ್ ಗಾತ್ರದ ಕಣಗಳಾಗಿಸಿ ನೀರಿನಲ್ಲಿ ಹರಡಿದರೆ ಆ ನೀರು ದಾಳಿಂಬೆ ರಸದಂತೆ ಕೆಂಪಾಗುತ್ತದೆ. ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ತಲೆಗೂದಲಿನ ದಪ್ಪ ಇದರ ಹಲವು ಹತ್ತುಸಾವಿರ ಪಟ್ಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ನಾಲ್ಕನೆಯ ಶತಮಾನದ ರೋಮನ್ ಗಾಜಿನ ಬಟ್ಟಲೊಂದು ಹೊರಗಿನಿಂದ ಬೆಳಕು ಬಿದ್ದಾಗ ಹಸಿರಾಗಿಯೂ ಒಳಗಿನಿಂದ ಬೆಳಕು ಹಾಯ್ದಾಗ ಕೆಂಪಾಗಿಯೂ ಕಾಣುತ್ತದೆ. ಅದನ್ನು ಮಾಡಿದ ಕುಶಲಕರ್ಮಿಗೆ ಕಾರಣ ತಿಳಿದಿರಲಿಲ್ಲ. ಗಾಜಿನೊಳಗೆ ಚಿನ್ನ ಮತ್ತು ಬೆಳ್ಳಿಯ ಅತಿಸೂಕ್ಷ್ಮ ಕಣಗಳು ಸೇರಿಕೊಂಡಿದ್ದವು.

ಈ ಬಣ್ಣದ ಮೂಲವನ್ನು ವೈಜ್ಞಾನಿಕವಾಗಿ ಅರಸಿದವರಲ್ಲಿ ಮೈಕೇಲ್ ಫ್ಯಾರಡೆ ಮೊದಲಿಗ. 1857ರಲ್ಲಿ ಆತ ಕೆಂಪು ಚಿನ್ನದ ದ್ರವಗಳನ್ನು ತಯಾರಿಸಿ, ಅವುಗಳ ಬಣ್ಣಕ್ಕೆ ಕಾರಣ ಚಿನ್ನದ ಕಣಗಳ ಚಿಕ್ಕ ಗಾತ್ರವೇ ಎಂದು ತರ್ಕಿಸಿದ. ಆತ ಮಾಡಿದ ದ್ರವದ ಸೀಸೆಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಕಾಪಾಡಿಕೊಂಡು ಬರಲಾಗಿದೆ. 1908ರಲ್ಲಿ ಜರ್ಮನಿಯ ಗುಸ್ತಾಫ್ ಮೀ ಗೋಲಾಕಾರದ ಕಣವೊಂದು ಎಷ್ಟು ಬೆಳಕನ್ನು ಹೀರುತ್ತದೆ, ಎಷ್ಟನ್ನು ಚದುರಿಸುತ್ತದೆ ಎಂಬುದಕ್ಕೆ ಪೂರ್ಣ ಗಣಿತವನ್ನು ಒದಗಿಸಿದ.

ಗಣಿತವನ್ನು ಬದಿಗಿಟ್ಟು ತಿರುಳನ್ನು ಹೀಗೆ ಹೇಳಬಹುದು. ಲೋಹದೊಳಗೆ ಎಲೆಕ್ಟ್ರಾನ್‌ಗಳು ಯಾವ ಒಂದು ಪರಮಾಣುವಿಗೂ ಕಟ್ಟುಬೀಳದೆ ಸಂಚರಿಸುತ್ತವೆ. ಬೆಳಕು ಒಂದು ವಿದ್ಯುತ್ಕಾಂತೀಯ ಅಲೆ. ಅದು ಕಣವನ್ನು ಹಾಯುವಾಗ ಈ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಾಗಿ ಅತ್ತಿಂದಿತ್ತ ಜೋಲಿ ಹೊಡೆಯುತ್ತವೆ. ತೊಟ್ಟಿಲಿಗೆ ಅದರದೇ ಆದ ಲಯವುಂಟು. ಆ ಲಯವನ್ನರಿತು ತೂಗಿದರೆ ಸಣ್ಣ ತಳ್ಳಿಗೂ ತೊಟ್ಟಿಲು ದೂರ ತೂಗುತ್ತದೆ, ಲಯ ತಪ್ಪಿದರೆ ಬಲ ವ್ಯರ್ಥವಾಗುತ್ತದೆ. ಎಲೆಕ್ಟ್ರಾನ್ ಸಮೂಹಕ್ಕೂ ಅಂತಹ ಸಹಜ ಲಯವಿದೆ. ಬೆಳಕಿನ ಲಯ ಅದರೊಡನೆ ಹೊಂದಿದಾಗ ಹೀರಿಕೆ ಬಹಳ ಹೆಚ್ಚುತ್ತದೆ. ಇದಕ್ಕೆ ಪ್ಲಾಸ್ಮಾನ್ ಅನುರಣನವೆಂದು ಹೆಸರು. ನೀರಿನಲ್ಲಿರುವ ಚಿಕ್ಕ ಚಿನ್ನದ ಗುಂಡುಗಳಿಗೆ ಈ ಹೊಂದಿಕೆ ಸುಮಾರು 520 ನ್ಯಾನೋಮೀಟರ್ ತರಂಗಾಂತರದಲ್ಲಿ, ಎಂದರೆ ಹಸಿರು ಬೆಳಕಿನಲ್ಲಿ ಒದಗುತ್ತದೆ. ಹಸಿರು ಹೀರಲ್ಪಟ್ಟು ಕೆಂಪು ಉಳಿಯುತ್ತದೆ. ಗರ್ಭಧಾರಣೆಯನ್ನು ಮನೆಯಲ್ಲಿಯೇ ತಿಳಿಸುವ ಪರೀಕ್ಷಾ ಪಟ್ಟಿಗಳಲ್ಲಿಯೂ 2020ರ ನಂತರ ಕೋವಿಡ್ ಪರೀಕ್ಷೆಗೆ ಬಳಸಿದ ಅನೇಕ ಪಟ್ಟಿಗಳಲ್ಲಿಯೂ ಮೂಡುವ ಕೆಂಪು ಗೆರೆ ಇಂತಹ ಚಿನ್ನದ ಕಣಗಳದೇ.

ಗಾತ್ರ ಬದಲಾದಂತೆ ಕಣದ ನಡತೆಯೂ ಬದಲಾಗುತ್ತದೆ. ತೀರ ಚಿಕ್ಕ ಗುಂಡಿನ ವ್ಯಾಸವನ್ನು ಇಮ್ಮಡಿಗೊಳಿಸಿದರೆ ಅದರ ಹೀರುವ ಶಕ್ತಿ 8 ಪಟ್ಟು ಬೆಳೆಯುತ್ತದೆ. ಚದುರಿಸುವ ಶಕ್ತಿ 64 ಪಟ್ಟು ಬೆಳೆಯುತ್ತದೆ. ಆದ್ದರಿಂದ ಚಿಕ್ಕ ಕಣಗಳು ಮುಖ್ಯವಾಗಿ ಹೀರುತ್ತವೆ, ದೊಡ್ಡವು ಮುಖ್ಯವಾಗಿ ಚದುರಿಸುತ್ತವೆ. ಶಾಖ ಬೇಕೆನ್ನುವವರು ಚಿಕ್ಕದನ್ನೂ ಹೊಳಪು ಬೇಕೆನ್ನುವವರು ದೊಡ್ಡದನ್ನೂ ಆರಿಸಿಕೊಳ್ಳಬೇಕು. ಗಾತ್ರಕ್ಕಿಂತಲೂ ಹೆಚ್ಚಿನ ಪ್ರಭಾವ ಆಕಾರದ್ದು. ಗುಂಡಿನ ಬದಲು ಕಡ್ಡಿ, ಚಿಪ್ಪು ಅಥವಾ ಚಪ್ಪಟೆಯಾದ ತ್ರಿಕೋನವನ್ನು ಮಾಡಿದರೆ ಅನುರಣನವು ಹಸಿರಿನಿಂದ ಸರಿದು ಕೆಂಪಿಗೆ, ಅಲ್ಲಿಂದ ಅವಕೆಂಪಿಗೆ ಹೋಗುತ್ತದೆ. ವಸ್ತು ಬದಲಾಗಲಿಲ್ಲ, ಚಿನ್ನ ಚಿನ್ನವೇ. ಆಕಾರ ಬದಲಾದುದರಿಂದ ಹೀರುವ ಬಣ್ಣ ಬದಲಾಯಿತು.

ಶಾಖ ಹುಟ್ಟುವ ಬಗೆ

ಹೀರಿದ ಬೆಳಕು ಶಾಖವಾಗಲು ಹಿಡಿಯುವ ಕಾಲ ಊಹೆಗೂ ನಿಲುಕದಷ್ಟು ಅಲ್ಪ. ಎಲೆಕ್ಟ್ರಾನ್‌ಗಳ ಸಾಮೂಹಿಕ ತೂಗಾಟ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತ ಎಷ್ಟೋ ಮೊದಲೇ ಅಡಗಿ, ಆ ಶಕ್ತಿ ಎಲೆಕ್ಟ್ರಾನ್‌ಗಳ ನಡುವೆ ಹಂಚಿಹೋಗುತ್ತದೆ. ಅವು ಅದನ್ನು ಸ್ಫಟಿಕದ ಪರಮಾಣುಗಳಿಗೆ ದಾಟಿಸುತ್ತವೆ. ಪರಮಾಣುಗಳ ಕಂಪನವೇ ಕಣದ ಬಿಸಿ. ಕೊನೆಗೆ ಕಣವು ತನ್ನ ಸುತ್ತಲಿನ ನೀರಿಗೋ ಗಾಜಿಗೋ ಆ ಬಿಸಿಯನ್ನು ಕೊಡುತ್ತದೆ. ಚಿಕ್ಕ ಕಣದಲ್ಲಿ ಈ ಮೂರು ಹೆಜ್ಜೆಗಳೂ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದೊಳಗೆ ಮುಗಿದಿರುತ್ತವೆ.

ಹಾಗಾದರೆ ಕಣ ಎಷ್ಟು ಬಿಸಿಯಾಗುತ್ತದೆ? ಇದಕ್ಕೆ ಒಂದು ಸರಳ ಲೆಕ್ಕವುಂಟು. 40 ನ್ಯಾನೋಮೀಟರ್ ವ್ಯಾಸದ ಚಿನ್ನದ ಗುಂಡೊಂದನ್ನು ನೀರಿನಲ್ಲಿಟ್ಟು, ಒಂದು ಚದರ ಮೀಟರಿಗೆ 1000 ವ್ಯಾಟ್ ತೀವ್ರತೆಯ ನಡುಹಗಲ ಬಿಸಿಲಿಗೆ ಒಡ್ಡಿದರೆಂದು ತಿಳಿಯೋಣ. ಆ ಬಿಸಿಲೆಲ್ಲವೂ ಕಣಕ್ಕೆ ಒಪ್ಪುವ ಹಸಿರು ಬೆಳಕೇ ಎಂದು ಉದಾರವಾಗಿ ಎಣಿಸಿದರೂ ಕಣದ ಉಷ್ಣತೆ ಏರುವುದು ಒಂದು ಡಿಗ್ರಿಯ ಐವತ್ತು ಸಾವಿರದಲ್ಲಿ ಸುಮಾರು ಒಂದು ಭಾಗ ಮಾತ್ರ. ಕಣವು ಚಿಕ್ಕದಾದಷ್ಟೂ ಅದರ ಶಾಖವನ್ನು ನೀರು ಬೇಗನೆ ಕೊಂಡೊಯ್ಯುವುದೇ ಇದಕ್ಕೆ ಕಾರಣ. ಅದೇ ಕಣದ ಮೇಲೆ ಒಂದು ಮಿಲಿವ್ಯಾಟ್ ಶಕ್ತಿಯ ಹಸಿರು ಲೇಸರನ್ನು ಒಂದು ಚದರ ಮೈಕ್ರೋಮೀಟರ್ ಜಾಗಕ್ಕೆ ಕೂಡಿಸಿದರೆ ತೀವ್ರತೆ ಬಿಸಿಲಿನ ಹತ್ತು ಲಕ್ಷ ಪಟ್ಟಾಗುತ್ತದೆ. ಆಗ ಕಣದ ಉಷ್ಣತೆ ಸುಮಾರು 20 ಡಿಗ್ರಿ ಏರುತ್ತದೆ. ಕಣದ ಮೇಲ್ಮೈಯಿಂದ ಕೇವಲ 20 ನ್ಯಾನೋಮೀಟರ್ ದೂರ ಸರಿದರೆ ಈ ಏರಿಕೆ ಅರ್ಧಕ್ಕೆ ಇಳಿದಿರುತ್ತದೆ.

ಈ ಲೆಕ್ಕದಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು, ಒಂಟಿ ಕಣ ಬಿಸಿಲಿನಲ್ಲಿ ಏನನ್ನೂ ಕಾಯಿಸಲಾರದು, ಕಾಯಿಸುವುದು ಸಮೂಹ. ಕಡುಗೆಂಪಾದ ಚಿನ್ನದ ದ್ರವದ ಒಂದೇ ಮಿಲಿಲೀಟರಿನಲ್ಲಿ ಇಂತಹ ಸಾವಿರಾರು ಕೋಟಿ ಕಣಗಳಿರುತ್ತವೆ. ಅವುಗಳ ಅಲ್ಪಾಲ್ಪ ಶಾಖಗಳು ಒಂದರ ಮೇಲೊಂದು ಕೂಡಿಕೊಂಡು ಇಡೀ ದ್ರವ ಬಿಸಿಯಾಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಎರಡನೆಯದು, ಕೂಡಿಸಿದ ಲೇಸರಿನ ಕೆಳಗೆ ಒಂಟಿ ಕಣವೂ ಒಂದು ಕುಲುಮೆ. ಆದರೆ ಆ ಕುಲುಮೆಯ ಬಿಸಿ ತನ್ನ ಹೊಸ್ತಿಲನ್ನು ಹೆಚ್ಚಾಗಿ ದಾಟುವುದಿಲ್ಲ. ನೆರೆಯವರನ್ನು ಸುಡದೆ ಒಂದೇ ಬಿಂದುವನ್ನು ಕಾಯಿಸುವ ಸಾಮರ್ಥ್ಯ ದೊಡ್ಡ ಗಾತ್ರದ ಯಾವ ಒಲೆಗೂ ಇಲ್ಲ.

ಮಜ್ಜಿಗೆ ಹುಲ್ಲಿನ ಕಷಾಯ

ಕ್ಯಾಂಪಿನಿಂದ ಪಶ್ಚಿಮಕ್ಕೆ, ಪಾಷಾಣ್ ಕಡೆಗೆ ಹೋಗುವ ರಸ್ತೆಯಲ್ಲಿ 1950ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. ಅಲ್ಲಿ ಮುರಳಿ ಸಾಸ್ತ್ರಿ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗವೊಂದು 2004ರಲ್ಲಿ ನೇಚರ್ ಮೆಟೀರಿಯಲ್ಸ್ ಪತ್ರಿಕೆಯಲ್ಲಿ ಪ್ರಕಟವಾಗಿ ಲೋಕದ ಗಮನ ಸೆಳೆಯಿತು. ಪ್ರಯೋಗದ ಮುಖ್ಯ ಸಾಮಗ್ರಿ, ಕನ್ನಡಿಗರು ಮಜ್ಜಿಗೆ ಹುಲ್ಲು ಅಥವಾ ನಿಂಬೆ ಹುಲ್ಲು ಎನ್ನುವ ಸಸ್ಯ. ಪುಣೆಯ ತರಕಾರಿ ಅಂಗಡಿಗಳಲ್ಲಿ ಇದು ಗವತಿ ಚಹಾ ಎಂಬ ಹೆಸರಿನಿಂದ ಶುಂಠಿಯ ಪಕ್ಕದಲ್ಲಿ ಕಂತೆಕಂತೆಯಾಗಿ ದೊರೆಯುತ್ತದೆ; ಮಳೆಗಾಲದ ಚಹಾಕ್ಕೆ ಪರಿಮಳ ಕೊಡುವ ಹುಲ್ಲು ಇದು.

ಹುಲ್ಲನ್ನು ಕತ್ತರಿಸಿ ನೀರಿನಲ್ಲಿ ಕುದಿಸಿ ತೆಗೆದ ಕಷಾಯವನ್ನು ಚಿನ್ನದ ಲವಣದ ದ್ರಾವಣಕ್ಕೆ ಬೆರೆಸಿದಾಗ, ಕೊಠಡಿಯ ಉಷ್ಣತೆಯಲ್ಲಿಯೇ, ಚಿನ್ನವು ನಿಧಾನವಾಗಿ ಲವಣದಿಂದ ಬೇರ್ಪಟ್ಟು ಕಣವಾಗತೊಡಗಿತು. ಮೊದಲು ಹುಟ್ಟಿದುದು ಸಣ್ಣ ಗುಂಡುಗಳು. ಕಷಾಯದಲ್ಲಿರುವ ಆಲ್ಡಿಹೈಡ್ ಮತ್ತು ಕೀಟೋನ್ ಜಾತಿಯ ಪದಾರ್ಥಗಳು ಆ ಗುಂಡುಗಳ ಮೈಗೆ ಅಂಟಿ ಅವುಗಳಿಗೆ ದ್ರವದಂತಹ ಮೃದುತ್ವವನ್ನು ಕೊಟ್ಟುವು. ಹಾಗೆ ಮೆದುವಾದ ಗುಂಡುಗಳು ಒಂದಕ್ಕೊಂದು ಬೆಸೆದುಕೊಂಡು ಚಪ್ಪಟೆಯಾದ ತ್ರಿಕೋನಗಳಾದುವು. ಅಂಚಿನ ಉದ್ದ ನೂರಾರು ನ್ಯಾನೋಮೀಟರ್, ದಪ್ಪ ಮಾತ್ರ ಇಪ್ಪತ್ತಕ್ಕಿಂತ ಕಡಿಮೆ. ಪ್ರತಿಯೊಂದೂ ಒಂದೇ ಸ್ಫಟಿಕ. ಉಗ್ರವಾದ ರಾಸಾಯನಿಕಗಳಾಗಲಿ ಕುಲುಮೆಯಾಗಲಿ ಇದಕ್ಕೆ ಬೇಕಾಗಲಿಲ್ಲ.

ಈ ತ್ರಿಕೋನಗಳ ಗುಣವೇ ವಿಷಯದ ಕೇಂದ್ರ. ಗುಂಡು ಕಣಗಳು ಹಸಿರನ್ನು ಹೀರಿದರೆ ತ್ರಿಕೋನಗಳು ಅವಕೆಂಪನ್ನು ಬಲವಾಗಿ ಹೀರಿದುವು. 2005ರಲ್ಲಿ ಇದೇ ತಂಡ ಪ್ರಕಟಿಸಿದ ಮುಂದಿನ ಅಧ್ಯಯನದಲ್ಲಿ ಕಷಾಯದ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ ತ್ರಿಕೋನದ ಗಾತ್ರವನ್ನೂ, ಅದರ ಮೂಲಕ ಹೀರಿಕೆಯ ತರಂಗಾಂತರವನ್ನೂ ಬೇಕಾದಂತೆ ಸರಿಸಬಹುದೆಂದು ತೋರಿಸಲಾಯಿತು. ಗಾಜಿನ ಮೇಲೆ ಈ ತ್ರಿಕೋನಗಳ ಲೇಪನವನ್ನು ಕೂಡಿಸಿ, ಅವಕೆಂಪನ್ನು ತಡೆಯುವ ಕಿಟಕಿಗಳಿಗೆ ಅದು ಒದಗಬಹುದೆಂಬ ಸೂಚನೆಯನ್ನೂ ತಂಡ ನೀಡಿತು.

ಚಿನ್ನವೆಂದೊಡನೆ ಬೆಲೆಯ ಮಾತು ಏಳುವುದು ಸಹಜ. ಒಂದು ಚದರ ಮೀಟರ್ ಗಾಜಿನ ಮೇಲೆ 20 ನ್ಯಾನೋಮೀಟರ್ ದಪ್ಪಕ್ಕೆ ಎಲ್ಲಿಯೂ ಬಿಡುವಿಲ್ಲದಂತೆ ಚಿನ್ನವನ್ನು ಹರಡಿದರೂ ಅದರ ತೂಕ 0.4 ಗ್ರಾಮಿಗಿಂತ ಕಡಿಮೆ. ಕಣಗಳ ನಡುವೆ ಬಿಡುವಿರುವ ಲೇಪನಕ್ಕೆ ಇನ್ನೂ ಕಡಿಮೆ ಸಾಕು. ಹಾಗಿದ್ದರೂ ಒಂದು ಇಡೀ ಕಟ್ಟಡದ ಗಾಜಿಗೆ ಅದು ಸಣ್ಣ ಮೊತ್ತವಲ್ಲ.

ಹೀರಿದ ಶಾಖ ಎಲ್ಲಿಗೆ ಹೋಯಿತು?

ಬೆಲೆಗಿಂತಲೂ ಗಹನವಾದ ಪ್ರಶ್ನೆಯೊಂದು ಇಲ್ಲಿದೆ. ಗಾಜಿನ ಲೇಪನವು ಅವಕೆಂಪನ್ನು ಹೀರಿತು ಎಂದರೆ ಶಾಖವು ಇಲ್ಲದಾಯಿತೆಂದು ಅರ್ಥವಲ್ಲ. ಅದು ಕೋಣೆಯ ನೆಲಕ್ಕೆ ಇಳಿಯುವ ಬದಲು ಗಾಜಿನಲ್ಲಿಯೇ ಇಳಿಯಿತು. ಕಾದ ಗಾಜು ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಶಾಖವನ್ನು ಕೊಡುತ್ತದೆ. ಹೊರಗೆ ಗಾಳಿಯಾಡುತ್ತಿದ್ದರೆ ಹೆಚ್ಚಿನ ಪಾಲು ಹೊರಕ್ಕೆ ಹೋದೀತು. ಗಾಳಿ ನಿಂತ ಮಧ್ಯಾಹ್ನ ಒಳಕ್ಕೆ ಬರುವ ಪಾಲು ಹೆಚ್ಚೀತು. ಆದ್ದರಿಂದಲೇ ಇಂತಹ ಲೇಪನವನ್ನು ಎರಡು ಹಾಳೆಗಳ ಗಾಜಿನಲ್ಲಿ ಹೊರಗಿನ ಹಾಳೆಗೆ ಕೊಟ್ಟು, ನಡುವೆ ಗಾಳಿಯ ಪದರವನ್ನಿಟ್ಟರೆ ಮಾತ್ರ ಪೂರ್ಣ ಪ್ರಯೋಜನ. ಅವಕೆಂಪನ್ನು ಹೀರುವ ಬದಲು ಹಿಂದಕ್ಕೆ ಕಳುಹಿಸುವ ಲೇಪನಗಳೂ ಇವೆ. ಕಟ್ಟಡಗಳಲ್ಲಿ ಇಂದು ಬಳಕೆಯಲ್ಲಿರುವ ಹಲವು ಲೇಪನಗಳು ಬೆಳ್ಳಿಯ ತೆಳುಪದರದಿಂದ ಈ ಕೆಲಸ ಮಾಡುತ್ತವೆ. ಬಾಹ್ಯಾಕಾಶ ಯಾತ್ರಿಗಳ ಶಿರಸ್ತ್ರಾಣದ ಮುಖಗಾಜಿಗೆ ಚಿನ್ನದ ತೆಳುಪದರ ಕೊಡುವುದೂ ಅವಕೆಂಪನ್ನು ಪ್ರತಿಫಲಿಸಲೆಂದೇ. ಅಖಂಡ ಪದರವಾದಾಗ ಹಿಂದೂಡುವ ಚಿನ್ನವೇ ಬಿಡಿ ತ್ರಿಕೋನವಾದಾಗ ಹೀರುತ್ತದೆ.

ಈ ವಿವೇಚನೆ ದೇಶದ ಮಟ್ಟದಲ್ಲಿಯೂ ಮಹತ್ವದ್ದು. 2019ರ ಮಾರ್ಚ್ ತಿಂಗಳಲ್ಲಿ ಭಾರತ ಸರ್ಕಾರದ ಪರಿಸರ ಸಚಿವಾಲಯ ಹೊರತಂದ ಭಾರತ ತಂಪುಗೊಳಿಸುವಿಕೆ ಕ್ರಿಯಾಯೋಜನೆಯು 2037-38ರ ವೇಳೆಗೆ ಎಲ್ಲ ಕ್ಷೇತ್ರಗಳಲ್ಲಿ ತಂಪುಗೊಳಿಸುವಿಕೆಯ ಬೇಡಿಕೆಯನ್ನು ಶೇಕಡಾ 20ರಿಂದ 25ರಷ್ಟು ತಗ್ಗಿಸುವ ಗುರಿಯನ್ನಿಟ್ಟುಕೊಂಡಿದೆ. 2007ರಲ್ಲಿ ಜಾರಿಗೆ ಬಂದು 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ವಾಣಿಜ್ಯ ಕಟ್ಟಡದ ಗಾಜು ಎಷ್ಟು ಸೌರಶಾಖವನ್ನು ಒಳಬಿಡಬಹುದೆಂಬುದಕ್ಕೆ ಮಿತಿ ಹಾಕಿದೆ. ಗಾಜನ್ನು ಕೊಳ್ಳುವವರು ಅದರ ಬಣ್ಣ, ಮಿನುಗುಗಳನ್ನು ನೋಡಿ ತೃಪ್ತರಾಗದೆ ಈ ಅಂಕಿಯನ್ನು ಕೇಳಿ ತಿಳಿಯುವುದು ಒಳ್ಳೆಯದು. ಜೊತೆಗೆ, ಬಿಸಿಲು ಗಾಜನ್ನು ಮುಟ್ಟುವ ಮೊದಲೇ ಅದನ್ನು ತಡೆಯುವ ಜಗಲಿ, ಚಜ್ಜ, ಮರದ ನೆರಳುಗಳ ಉಪಯುಕ್ತತೆ ಯಾವ ಲೇಪನದಿಂದಲೂ ಕುಗ್ಗಿಲ್ಲ.

ಶಾಖವೇ ಕೈಯಾದಾಗ

ರಾಸಾಯನಿಕ ಪ್ರಯೋಗಾಲಯದ ನೆರೆಯಲ್ಲಿಯೇ 2006ರಲ್ಲಿ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಆರಂಭವಾಯಿತು. ಅಲ್ಲಿನ ಭೌತವಿಜ್ಞಾನಿ ಜಿ. ವಿ. ಪವನ್ ಕುಮಾರ್ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರೇಟ್ ಪಡೆದವರು. ಅವರ ತಂಡ ಶಾಖವನ್ನು ಬೇರೊಂದು ದೃಷ್ಟಿಯಿಂದ ನೋಡಿತು. ನೀರಿನಲ್ಲಿ ಒಂದು ಬಿಂದು ಬಿಸಿಯಾಗಿ ಅದರ ಸುತ್ತ ತಂಪಿದ್ದರೆ ಅಲ್ಲಿ ಹರಿವು ಹುಟ್ಟುತ್ತದೆ. ಎಸರಿಟ್ಟ ಪಾತ್ರೆಯಲ್ಲಿ ಕಾಣುವ ತಿರುಗಾಟದ ಅತಿಸೂಕ್ಷ್ಮ ರೂಪ ಅದು. ಅಲ್ಲದೆ, ಉಷ್ಣತೆಯ ಏರಿಳಿತವಿರುವಲ್ಲಿ ತೇಲುವ ಕಣಗಳು ಬಿಸಿಯತ್ತಲೋ ತಂಪಿನತ್ತಲೋ ಸರಿಯುತ್ತವೆ. ಬೆಳಕಿನಿಂದ ಬಿಂದುವನ್ನು ಕಾಯಿಸಬಲ್ಲವರು ಈ ಚಲನೆಯನ್ನೂ ಆಳಬಲ್ಲರು.

2014ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಈ ತಂಡ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕಿನಿಂದ ಲೋಹದ ಪದರದ ಮೇಲೆ ಪ್ಲಾಸ್ಮಾನ್‌ಗಳನ್ನು ಎಬ್ಬಿಸಿ, ನೀರಿನಲ್ಲಿ ತೇಲುವ ಲೋಹದ ಕಣಗಳನ್ನು ಒಂದೆಡೆಗೆ ಕೂಡಿಸಲಾಯಿತು. ಕೂಡಿದ ಕಣಗಳ ಸಂದುಗಳಲ್ಲಿ ಬೆಳಕು ದಟ್ಟವಾಗಿ ನೆಲೆಗೊಂಡು, ಅಲ್ಲಿ ಸಿಕ್ಕಿಬಿದ್ದ ಒಂದೇ ಅಣುವಿನ ರಾಮನ್ ಸಂಕೇತವನ್ನೂ ಓದಲು ಸಾಧ್ಯವಾಯಿತು. ನಂತರದ ವರ್ಷಗಳಲ್ಲಿ ಅದೇ ತಂಡವು ಲೇಸರ್ ಬೆಳಕನ್ನು ಹೀರಿ ಕಾಯುವ ಚಿಕ್ಕ ಗುಂಡುಗಳು ಆ ಶಾಖದ ಪ್ರಭಾವದಿಂದಲೇ ಪರಸ್ಪರ ಸೆಳೆದು, ಗುಂಪುಗೂಡಿ, ಚಲಿಸುವ ಬಗೆಯನ್ನು ಅಧ್ಯಯನ ಮಾಡಿತು. ಬೆಳಕಿನಿಂದ ಕಣಗಳನ್ನು ಹಿಡಿಯುವ ವಿದ್ಯೆಗಾಗಿ ಅಮೆರಿಕದ ಆರ್ಥರ್ ಆಶ್ಕಿನ್ 2018ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆ ವಿದ್ಯೆಯಲ್ಲಿ ಶಾಖವನ್ನು ಬಹುಕಾಲ ತೊಡಕೆಂದು ಎಣಿಸಲಾಗುತ್ತಿತ್ತು; ಇಂದು ಆ ತೊಡಕೂ ಒಂದು ಸಾಧನವಾಗಿದೆ.

ಚಿಕಿತ್ಸೆ ಮತ್ತು ಸಂಗ್ರಹ

ಶಾಖದ ಉಪಯೋಗ ಪ್ರಯೋಗಾಲಯವನ್ನು ದಾಟಿದ ಎರಡು ಕ್ಷೇತ್ರಗಳನ್ನು ಇಲ್ಲಿ ಹೆಸರಿಸಬಹುದು. ಮಾನವ ಶರೀರದ ಮಾಂಸವು ಕಾಣುವ ಬೆಳಕನ್ನು ಬೇಗನೆ ತಡೆಯುತ್ತದೆ. ಸುಮಾರು 700ರಿಂದ 900 ನ್ಯಾನೋಮೀಟರ್ ತರಂಗಾಂತರದ ಅವಕೆಂಪನ್ನು ಮಾತ್ರ ಒಂದಿಷ್ಟು ಆಳಕ್ಕೆ ಬಿಡುತ್ತದೆ. ಮರಳಿನ ಮೂಲದ್ರವ್ಯವಾದ ಸಿಲಿಕಾದ ಗುಂಡಿಗೆ ಚಿನ್ನದ ಚಿಪ್ಪು ತೊಡಿಸಿದರೆ ಅದು ಸರಿಯಾಗಿ ಈ ಕಿರಣಗಳನ್ನೇ ಹೀರುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಾಸ್ ಮತ್ತು ಜೆನಿಫರ್ ವೆಸ್ಟ್ ಅವರ ತಂಡ ಇಂತಹ ಕಣಗಳಿಂದ ಕ್ಯಾನ್ಸರ್ ಜೀವಕೋಶಗಳನ್ನು ಸುಡಬಹುದೆಂದು 2003ರಲ್ಲಿ ತೋರಿಸಿತು. ಮನುಷ್ಯರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಇದನ್ನು ಪ್ರಯೋಗಿಸಿದ 16 ರೋಗಿಗಳ ಪ್ರಾಥಮಿಕ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಲ್ಪನೆಯಿಂದ ಈ ಹಂತಕ್ಕೆ ಬರಲು ಹದಿನಾರು ವರ್ಷಗಳು ಬೇಕಾದುವೆಂಬುದನ್ನು ಗಮನಿಸಿದರೆ, ಪವಾಡ ಚಿಕಿತ್ಸೆಯ ಜಾಹೀರಾತುಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ತಾನೇ ತಿಳಿಯುತ್ತದೆ.

ಎರಡನೆಯದು ಗಣಕಯಂತ್ರದ ಮಾಹಿತಿ ಸಂಗ್ರಹ. 2024ರಿಂದ ಮಾರಾಟಕ್ಕೆ ಬಂದಿರುವ ಒಂದು ಬಗೆಯ ಹಾರ್ಡ್ ಡಿಸ್ಕ್‌ನಲ್ಲಿ ಲೇಸರ್ ಬೆಳಕನ್ನು ಅತಿಚಿಕ್ಕ ಲೋಹದ ರಚನೆಯ ಮೂಲಕ ಕೆಲವು ಹತ್ತು ನ್ಯಾನೋಮೀಟರ್ ಅಗಲದ ಚುಕ್ಕೆಗೆ ಇಳಿಸಿ, ಆ ಚುಕ್ಕೆಯನ್ನು 400 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿ, ತಣಿಯುವ ಮೊದಲು ಅಲ್ಲಿ ಕಾಂತೀಯ ಗುರುತನ್ನು ಬರೆಯಲಾಗುತ್ತದೆ. ಕಾಯುವುದೂ ತಣಿಯುವುದೂ ಕೆಲವೇ ನ್ಯಾನೋಸೆಕೆಂಡುಗಳ ಕೆಲಸ. ಆದರೆ ಬೆಳಕನ್ನು ಇಳಿಸುವ ಲೋಹದ ರಚನೆಯೂ ಅದರಲ್ಲಿ ಸ್ವಲ್ಪ ಪಾಲನ್ನು ಹೀರುತ್ತದೆ, ಕಾಯುತ್ತದೆ, ಕಾಲಕ್ರಮದಲ್ಲಿ ಮೊನೆಗೆಡುತ್ತದೆ. ಅದರ ಆಕಾರ ಕೆಟ್ಟರೆ ಅನುರಣನವೂ ಕೆಡುತ್ತದೆ. ಅಪೇಕ್ಷಿತ ಶಾಖ ಮತ್ತು ಅನಪೇಕ್ಷಿತ ಶಾಖ ಒಂದೇ ಕಣದಿಂದ ಹುಟ್ಟುವುದರಿಂದ, ಅವೆರಡನ್ನೂ ಪ್ರತ್ಯೇಕವಾಗಿ ಎಣಿಸುವುದೇ ಇಲ್ಲಿನ ಎಂಜಿನಿಯರುಗಳ ಮುಖ್ಯ ಕೆಲಸವಾಗಿದೆ.

ಅಳತೆಯ ಹೊಣೆ

ಇಷ್ಟು ಚಿಕ್ಕ ಜಾಗದ ಉಷ್ಣತೆಯನ್ನು ಅಳೆಯುವುದು ಹೇಗೆ? ಉಷ್ಣಮಾಪಕದ ಬುಡ್ಡಿಯೇ ಅಲ್ಲಿ ಬೆಟ್ಟದಂತಾಗುತ್ತದೆ. ಉತ್ತರ ಭಾರತೀಯ ವಿಜ್ಞಾನದಲ್ಲಿಯೇ ಇದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡುಕೊಂಡ ಪರಿಣಾಮವನ್ನು ಸರ್ ಸಿ. ವಿ. ರಾಮನ್ ಅವರು ಆ ವರ್ಷದ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸವೊಂದರಲ್ಲಿ ವಿವರಿಸಿದರು. ಅಣುಗಳಿಂದ ಚದುರಿದ ಬೆಳಕಿನಲ್ಲಿ ಒಂದಂಶ ಅಣುವಿಗೆ ಶಕ್ತಿಯನ್ನು ಕೊಟ್ಟು ಕೆಂಪಿನ ಕಡೆಗೂ ಮತ್ತೊಂದಂಶ ಅಣುವಿನಿಂದ ಶಕ್ತಿಯನ್ನು ಪಡೆದು ನೀಲಿಯ ಕಡೆಗೂ ಸರಿದಿರುತ್ತದೆ. ಅಣು ಬಿಸಿಯಾಗಿದ್ದಷ್ಟೂ ಅದರ ಬಳಿ ಕೊಡುವ ಶಕ್ತಿ ಹೆಚ್ಚು. ಆದ್ದರಿಂದ ಎರಡನೆಯ ಅಂಶವೂ ಹೆಚ್ಚು. ಇವೆರಡರ ಅನುಪಾತವನ್ನು ನೋಡಿ, ಮುಟ್ಟದೆಯೇ, ಆ ಬಿಂದುವಿನ ಉಷ್ಣತೆಯನ್ನು ಹೇಳಬಹುದು. ಚದುರಿದ ಬೆಳಕಿನ ಬಣ್ಣವನ್ನು ಅರಿಯಲು ಹೊರಟ ಸಂಶೋಧನೆ ಹೀಗೆ ಅತಿಸೂಕ್ಷ್ಮ ಉಷ್ಣಮಾಪಕವನ್ನೂ ಒದಗಿಸಿತು.

ಅಳತೆಯ ಈ ಹೊಣೆಯನ್ನು ಲಘುವಾಗಿ ಕಾಣಬಾರದು. ಗಂತಿಯನ್ನು ಸುಡಲು ಹೊರಟ ಶಾಖ ಪಕ್ಕದ ನರವನ್ನು ಸುಡಬಾರದು. ಕಣವನ್ನು ಲೇಸರ್ ಮಾತ್ರ ಕಾಯಿಸಿತೆ, ಅಥವಾ ಸಮೂಹದ ಬಿಸಿಯೂ ಸೇರಿಕೊಂಡಿತೆ ಎಂಬುದನ್ನು ತಿಳಿಯದೆ ಪ್ರಯೋಗದ ಫಲವನ್ನು ಅರ್ಥೈಸಲಾಗದು. ಕೆಲಸ ಮುಗಿದ ಮೇಲೆ ಕಣಗಳು ಶರೀರದಲ್ಲಿ ಎಲ್ಲಿ ಉಳಿಯುತ್ತವೆ, ಗಾಜಿನ ಲೇಪನ ಸವೆದಾಗ ಎಲ್ಲಿಗೆ ಸೇರುತ್ತವೆ ಎಂಬ ಪ್ರಶ್ನೆಗಳೂ ಇದೇ ಲೆಕ್ಕದ ಭಾಗ. ಭಾರತ ಸರ್ಕಾರವು 2007ರಲ್ಲಿ ಐದು ವರ್ಷಗಳ ಅವಧಿಗೆ 1000 ಕೋಟಿ ರೂಪಾಯಿಗಳ ನ್ಯಾನೋ ಮಿಷನ್ನನ್ನು ಆರಂಭಿಸಿ ಈ ಕ್ಷೇತ್ರದ ಸಂಶೋಧನೆಗೆ ಭದ್ರವಾದ ತಳಹದಿ ಹಾಕಿತು. 2019ರಲ್ಲಿ ನ್ಯಾನೋ ಔಷಧಗಳ ಗುಣಮಟ್ಟ, ಸುರಕ್ಷತೆ ಮತ್ತು ಪರಿಣಾಮಗಳನ್ನು ಒರೆಗೆ ಹಚ್ಚಲು ಮಾರ್ಗಸೂಚಿಗಳನ್ನು ಪ್ರಕಟಿಸಿತು. ಸಂಶೋಧನೆಗೆ ಹಣ ಒದಗಿಸುವಷ್ಟೇ ಅಗತ್ಯವಾದುದು ಅದರ ಫಲವನ್ನು ಜನರಿಗೆ ಕೊಡುವ ಮುನ್ನ ಪರೀಕ್ಷಿಸುವ ಈ ಎಚ್ಚರ.

ಒಟ್ಟಿನಲ್ಲಿ ಹೇಳುವುದಾದರೆ, ಚಿನ್ನದ ಒಂದು ಸೂಕ್ಷ್ಮಕಣ ಮನುಷ್ಯನಿಗೆ ಹೊಸ ಅಧಿಕಾರವನ್ನು ಕೊಟ್ಟಿದೆ. ಆಕಾರವನ್ನು ತಿದ್ದಿ ಹೀರುವ ಬಣ್ಣವನ್ನು ಆರಿಸಬಹುದು. ಬೆಳಕನ್ನು ಕೂಡಿಸಿ ಶಾಖದ ಸ್ಥಳವನ್ನೂ ಗಳಿಗೆಯನ್ನೂ ಗೊತ್ತುಮಾಡಬಹುದು. ಆದರೆ ಶಕ್ತಿ ನಿತ್ಯವೆಂಬ ನಿಯಮವನ್ನು ಯಾವ ಕಣವೂ ಮೀರಲಾರದು. ಹೀರಿದ ಬೆಳಕಿಗೆಲ್ಲ ಎಲ್ಲೋ ಒಂದು ಕಡೆ ಜಮಾಖರ್ಚು ತೋರಿಸಲೇಬೇಕು. ಚಹಾದ ಹುಲ್ಲಿನಿಂದ ಚಿನ್ನದ ತ್ರಿಕೋನಗಳನ್ನು ಬೆಳೆಸಿದ ಊರಿನಲ್ಲಿ, ಬಿಸಿಲನ್ನು ಬಲ್ಲ ಜನರ ನಡುವೆ, ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯಬಲ್ಲ ಯುವ ವಿಜ್ಞಾನಿಗಳು ಇನ್ನೂ ಹೆಚ್ಚಾಗಿ ಮೂಡಿಬರಬೇಕಾಗಿದೆ. ಕನ್ನಡದ ಮನೆಗಳಿಂದಲೂ ಅಂತಹವರು ಬರಲೆಂಬುದೇ ಈ ಉಪನ್ಯಾಸದ ಆಶಯ.